ಚಂಡಮಾರುತ ಇನ್ನೂ ಹುಟ್ಟಿಲ್ಲ, ಕೇಂದ್ರ ಎಲ್ಲಿದೆ ಅಂತ ಮೊದಲು ನೋಡಿ

ಸಮುದ್ರದ ಮೇಲೆ ಎಲ್ಲೋ ಒಂದು ಮೋಡದ ಗುಂಪು ಎದ್ದಿದೆ. ಅದಕ್ಕೆ ಇನ್ನೂ ಹೆಸರಿಲ್ಲ. ಹವಾಮಾನ ಇಲಾಖೆಯವರು "ನಿಗಾ ಇಟ್ಟಿದ್ದೇವೆ" ಎಂದು ಒಂದು ಸಾಲು ಹೇಳಿದ್ದಾರೆ, ಅಷ್ಟೇ. ಅಷ್ಟರಲ್ಲಿ ಫೋನಿಗೆ ಒಂದು ನಕ್ಷೆ ಬಂದು ಬೀಳುತ್ತದೆ. ಕೆಂಪು, ನೇರಳೆ ಬಣ್ಣದ ದೊಡ್ಡ ಸುಳಿ, ಪಕ್ಕದಲ್ಲಿ ಹತ್ತು ದಿನ ಆಚೆಯ ತಾರೀಖು, ಕೆಳಗೆ "ಇಲ್ಲಿಗೇ ಬರುತ್ತಿದೆ, ಎಲ್ಲರಿಗೂ ಕಳಿಸಿ" ಅನ್ನುವ ಮಾತು. ನೋಡಿದವರ ಎದೆ ಧಸಕ್ ಅನ್ನುತ್ತದೆ, ಅದು ಸಹಜ.

ಇದೇ ನಕ್ಷೆಯನ್ನು ವರ್ಷಗಟ್ಟಲೆ ಚಂಡಮಾರುತಗಳ ಬೆನ್ನು ಹತ್ತಿರುವ ಹವ್ಯಾಸಿಯೊಬ್ಬರಿಗೆ ತೋರಿಸಿ. ಎಲ್ಲಿಗೆ ಬರುತ್ತದೆ ಎಂದು ಅವರು ಕೇಳುವುದಿಲ್ಲ. "ಕೇಂದ್ರ ಕೂತಿದೆಯಾ?" ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆ ಯಾಕೆ ಇಷ್ಟು ಮುಖ್ಯ ಅನ್ನುವುದು ತಿಳಿದರೆ ಉಪಗ್ರಹದ ಚಿತ್ರ, ಹವಾಮಾನವನ್ನು ಮುಂಚಿತವಾಗಿ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳ ಗೆರೆಗಳು, ಶೇಕಡಾ ಲೆಕ್ಕ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಹವ್ಯಾಸಿಗಳಲ್ಲಿ ಹೆಚ್ಚಿನವರು ಹವಾಮಾನಶಾಸ್ತ್ರ ಓದಿದವರಲ್ಲ. ಅವರ ಹೊಟ್ಟೆಪಾಡಿನ ಕೆಲಸ ಬೇರೆಯೇ ಇರುತ್ತದೆ. ಆದರೆ ಉಪಗ್ರಹಗಳ ಚಿತ್ರ, ದೊಡ್ಡ ದೊಡ್ಡ ಸಂಸ್ಥೆಗಳ ಮಾಡೆಲ್, ಚಂಡಮಾರುತದ ಒಳಗೆ ಹಾರಿದ ವಿಮಾನದ ಅಳತೆ, ಇವೆಲ್ಲ ಈಗ ದುಡ್ಡಿಲ್ಲದೆ ಯಾರಿಗೆ ಬೇಕಾದರೂ ಸಿಗುತ್ತವೆ. ಸಿಕ್ಕಿದ್ದನ್ನು ಓದುವುದು ಹೇಗೆ ಅನ್ನುವುದೇ ವಿದ್ಯೆ.

ಮೋಡ ಇದ್ದ ಮಾತ್ರಕ್ಕೆ ಚಂಡಮಾರುತ ಅಲ್ಲ

ಮೊದಲು ಇದು ಹುಟ್ಟುವುದು ಹೇಗೆ ಅಂತ ನೋಡೋಣ. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಮೇಲ್ಮೈ ಮಾತ್ರ ಬೆಚ್ಚಗಿದ್ದರೆ ಸಾಲದು, ಸುಮಾರು 50 ಮೀಟರ್ ಆಳದವರೆಗೂ ಬಿಸಿ ಇರಬೇಕು. ಯಾಕೆಂದರೆ ಗಾಳಿ ಜೋರಾದ ಹಾಗೆ ಅಲೆಗಳು ನೀರನ್ನು ಕಲಕಿ ಕೆಳಗಿನ ತಣ್ಣನೆ ನೀರನ್ನು ಮೇಲೆ ತರುತ್ತವೆ, ಬಿಸಿ ಪದರ ತೆಳುವಾಗಿದ್ದರೆ ಚಂಡಮಾರುತ ತನ್ನ ಕಾಲ ಕೆಳಗಿನ ಬಿಸಿಯನ್ನು ತಾನೇ ಕಳೆದುಕೊಳ್ಳುತ್ತದೆ. ಬೆಚ್ಚಗಿನ ನೀರು ಆವಿಯಾಗಿ ಮೇಲೇರುತ್ತದೆ, ಮೇಲೆ ಮೋಡವಾಗುವಾಗ ಆ ಆವಿಯಲ್ಲಿ ಅಡಗಿದ್ದ ಶಾಖ ಹೊರಗೆ ಬರುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ, ಸುತ್ತಲಿನ ಗಾಳಿ ಆ ಕಡೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರ ಹೋಗದೆ ಓರೆಯಾಗುತ್ತದೆ, ಸುಳಿಯಾಗುತ್ತದೆ.

ಸಮಭಾಜಕ ರೇಖೆಯ ಮೇಲೆ ಈ ಓರೆ ಮಾಡುವ ಶಕ್ತಿ ಇಲ್ಲವೇ ಇಲ್ಲ. ಹಾಗಾಗಿ ಸಾಮಾನ್ಯವಾಗಿ ರೇಖೆಯಿಂದ ಐದು ಡಿಗ್ರಿಯಾದರೂ ದೂರ ಇದ್ದರೇ ಚಂಡಮಾರುತ ಹುಟ್ಟುವುದು. 2001ರ ಡಿಸೆಂಬರ್‌ನಲ್ಲಿ ವಾಮೈ ಎಂಬ ಚಂಡಮಾರುತ ಸಿಂಗಪುರದ ಹತ್ತಿರ, ಸುಮಾರು ಒಂದೂವರೆ ಡಿಗ್ರಿಯಲ್ಲೇ ಹುಟ್ಟಿಬಿಟ್ಟಿತು. ಅಂಥದ್ದು ತೀರಾ ಅಪರೂಪ, ಅದಕ್ಕೇ ಇವತ್ತಿಗೂ ಅದರ ಹೆಸರು ಹೇಳುತ್ತಾರೆ.

ಇಷ್ಟೇ ಆಗಿದ್ದರೆ ಬೇಸಿಗೆ ಸಮುದ್ರಗಳಲ್ಲಿ ದಿನಕ್ಕೊಂದು ಚಂಡಮಾರುತ ಏಳಬೇಕಿತ್ತು, ಅಲ್ವಾ? ಏಳುವುದಿಲ್ಲ. ಬಹಳಷ್ಟು ಸಲ ಅಡ್ಡ ಬರುವುದು ಮೇಲಿನ ಗಾಳಿ. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಗಾಳಿ ಒಂದು ದಿಕ್ಕಿಗೆ, ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ದಿಕ್ಕಿಗೆ ಜೋರಾಗಿ ಬೀಸುತ್ತಿದ್ದರೆ ಸುಳಿ ನೆಟ್ಟಗೆ ನಿಲ್ಲುವುದಿಲ್ಲ. ಬುಗುರಿಯ ತಲೆಯನ್ನು ಪಕ್ಕಕ್ಕೆ ತಳ್ಳುತ್ತಲೇ ಇದ್ದರೆ ಅದು ನಿಂತು ತಿರುಗೀತೇ? ಈ ವ್ಯತ್ಯಾಸಕ್ಕೆ ಶಿಯರ್ ಅನ್ನುತ್ತಾರೆ. ಹವ್ಯಾಸಿಗಳ ಮಾತಿನಲ್ಲಿ ಅತಿ ಹೆಚ್ಚು ಸಲ ಬರುವ ಪದ ಇದೇ ಇರಬೇಕು. ಸುಮಾರು 20 ನಾಟ್‌ಗಿಂತ (ಗಂಟೆಗೆ ಸುಮಾರು 37 ಕಿಲೋಮೀಟರ್) ಕಡಿಮೆ ಶಿಯರ್ ಇದ್ದರೆ ಬೆಳೆಯಲು ಅವಕಾಶ ಇದೆ, ಅದಕ್ಕಿಂತ ಜಾಸ್ತಿಯಾದರೆ ಕಷ್ಟ. ನಡುವಿನ ಎತ್ತರದಲ್ಲಿ ಒಣಗಾಳಿ ನುಗ್ಗಿದರೂ ಅಷ್ಟೇ, ಮೋಡಗಳು ಎದ್ದ ಹಾಗೇ ಕುಸಿಯುತ್ತವೆ. ಅಟ್ಲಾಂಟಿಕ್‌ನಲ್ಲಿ ಸಹಾರಾ ಮರುಭೂಮಿಯ ಧೂಳು ತುಂಬಿದ ಒಣಗಾಳಿ ಎಷ್ಟೋ ಮೋಡದ ಗುಂಪುಗಳನ್ನು ಹೀಗೆ ಕೊಂದಿದೆ.

ಎಲ್ಲ ಕೂಡಿ ಬಂದಾಗ ಆಗುವುದೇನು? ಸಮುದ್ರದ ಮಟ್ಟದಲ್ಲೇ ಗಾಳಿ ಒಂದು ಬಿಂದುವಿನ ಸುತ್ತ ಪೂರ್ತಿ ಸುತ್ತು ಹೊಡೆಯಲು ಶುರು ಮಾಡುತ್ತದೆ. ಅರ್ಧ ಸುತ್ತು ಅಲ್ಲ, ಪೂರ್ತಿ. ಆ ಬಿಂದುವೇ ಕೇಂದ್ರ. ಅದು ಕೂರುವವರೆಗೆ ಅಲ್ಲಿರುವುದು ಗುಡುಗಿನ ಮೋಡಗಳ ಒಂದು ಗುಂಪು. ಕೂತ ಮೇಲೆ ಅದು ವಾಯುಭಾರ ಕುಸಿತ. ಗಾಳಿಯ ವೇಗ 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ಮುಟ್ಟಿದಾಗ ಅದಕ್ಕೆ ಹೆಸರಿಡುತ್ತಾರೆ.

ಹೆಸರಿಗೆ ಮುಂಚಿನ ನಂಬರ್

ಹೆಸರು ಸಿಗುವ ಮೊದಲೇ ಅನುಮಾನದ ಮೋಡಗಳಿಗೆ ಅಮೆರಿಕದ ಹವಾಮಾನ ಕೇಂದ್ರಗಳು ಒಂದು ನಂಬರ್ ಕೊಡುತ್ತವೆ. 90ರಿಂದ 99ರವರೆಗಿನ ನಂಬರ್, ಪಕ್ಕದಲ್ಲಿ ಯಾವ ಸಮುದ್ರ ಅಂತ ತೋರಿಸುವ ಒಂದು ಅಕ್ಷರ. ಅಟ್ಲಾಂಟಿಕ್‌ಗೆ ಎಲ್, ಬಂಗಾಳ ಕೊಲ್ಲಿಗೆ ಬಿ, ಅರಬ್ಬಿ ಸಮುದ್ರಕ್ಕೆ ಎ, ಪಶ್ಚಿಮ ಪೆಸಿಫಿಕ್‌ಗೆ ಡಬ್ಲ್ಯು. 99 ಮುಗಿದ ಮೇಲೆ ಮತ್ತೆ 90ರಿಂದ ಶುರು. ಇವನ್ನು ಇನ್‌ವೆಸ್ಟ್ ಎಂದು ಕರೆಯುತ್ತಾರೆ. ನಂಬರ್ ಬಿತ್ತು ಅಂದರೆ ಚಂಡಮಾರುತ ಗ್ಯಾರಂಟಿ ಅಂತ ಅರ್ಥವಲ್ಲ. "ಇದರ ಮೇಲೆ ವಿಶೇಷ ಮಾಡೆಲ್‌ಗಳನ್ನು ಓಡಿಸಿ, ಹತ್ತಿರದಿಂದ ಚಿತ್ರ ತೆಗೆಯಿರಿ" ಅನ್ನುವುದಕ್ಕೆ ಒಂದು ಗುರುತು, ಅಷ್ಟೇ. ಎಷ್ಟೋ ಇನ್‌ವೆಸ್ಟ್‌ಗಳು ಎರಡೇ ದಿನಕ್ಕೆ ಕರಗಿಹೋಗುತ್ತವೆ.

ಜೊತೆಗೆ ಶೇಕಡಾ ಲೆಕ್ಕವೂ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಎರಡು ದಿನಕ್ಕೆ ಒಂದು, ಏಳು ದಿನಕ್ಕೆ ಇನ್ನೊಂದು ಸಂಭವ ಹೇಳುತ್ತದೆ. ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಹಳದಿ, 40ರಿಂದ 60 ಕಿತ್ತಳೆ, ಅದರ ಮೇಲೆ ಕೆಂಪು. ಇಲ್ಲಿ ಬಹಳ ಜನ ಎಡವುತ್ತಾರೆ. ನಕ್ಷೆಯ ಮೇಲೆ ಬಣ್ಣ ಬಳಿದ ಜಾಗ "ಈ ಏಳು ದಿನದಲ್ಲಿ ಇದರೊಳಗೆ ಎಲ್ಲಾದರೂ ಹುಟ್ಟಬಹುದು" ಎಂದು ಹೇಳುತ್ತದೆ. ಹುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತದೆ, ಎಷ್ಟು ಜೋರಾಗುತ್ತದೆ, ಇವು ಯಾವುವೂ ಆ ಬಣ್ಣದಲ್ಲಿಲ್ಲ. ಶೇಕಡಾ 90 ಇದ್ದರೂ ಅದು ಸಣ್ಣ ವಾಯುಭಾರ ಕುಸಿತವಾಗಿ ಸಮುದ್ರದಲ್ಲೇ ಮುಗಿಯಬಹುದು.

ಕೇಂದ್ರ ಹುಡುಕುವ ಕೆಲಸ

ನನ್ನ ಪ್ರಕಾರ ಈ ಹವ್ಯಾಸದ ಜೀವ ಇರುವುದೇ ಇಲ್ಲಿ. ರಾತ್ರಿಯ ಹೊತ್ತು ಉಪಗ್ರಹ ತೆಗೆಯುವುದು ಇನ್‌ಫ್ರಾರೆಡ್ ಚಿತ್ರ. ಅದು ಅಳೆಯುವುದು ಮೋಡದ ತುದಿಯ ತಾಪಮಾನ. ಮೋಡ ಎತ್ತರಕ್ಕೆ ಹೋದಷ್ಟೂ ತುದಿ ತಣ್ಣಗಿರುತ್ತದೆ, ಮೈನಸ್ 70, ಮೈನಸ್ 80 ಡಿಗ್ರಿ, ಅದಕ್ಕೆ ಕೆಂಪು, ಕಪ್ಪು, ಬಿಳಿ ಬಣ್ಣ ಹಾಕಿರುತ್ತಾರೆ. ನೋಡಲು ಭಯಂಕರ. ಸಮುದ್ರದ ಮೇಲೆ ಗುಡುಗಿನ ಮೋಡಗಳು ನಡುರಾತ್ರಿಯಿಂದ ಬೆಳಗಿನ ಜಾವದ ಹೊತ್ತಿಗೆ ಮೇಲೇಳುವುದು ಜಾಸ್ತಿ. ಹಾಗಾಗಿ ಬೆಳಗಿನ ಜಾವ ಎದ್ದು ನೋಡಿದವರಿಗೆ "ಅಯ್ಯೋ, ಒಂದೇ ರಾತ್ರಿಯಲ್ಲಿ ಎಷ್ಟು ಬೆಳೆದುಬಿಟ್ಟಿದೆ" ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಗುಂಪು ಸೊರಗಿರುತ್ತದೆ. ಒಂದು ಹೊತ್ತಿನ ಚಿತ್ರ ನೋಡಿ ತೀರ್ಮಾನ ಮಾಡಬೇಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಬೆಳಕು ಹರಿದ ಮೇಲೆ ಬರುವ ಮೊದಲ ಮಾಮೂಲಿ ಬೆಳಕಿನ ಚಿತ್ರಗಳೇ ನಿಜವಾದ ಪರೀಕ್ಷೆ. ಸೂರ್ಯ ಇನ್ನೂ ಓರೆಯಲ್ಲಿರುತ್ತಾನೆ, ಮೋಡಗಳ ನೆರಳು ಉದ್ದಕ್ಕೆ ಬೀಳುತ್ತದೆ, ಯಾವುದು ಎತ್ತರದ ಮೋಡ, ಯಾವುದು ತಗ್ಗಿನದು ಎಂದು ಬೇರೆ ಮಾಡಿ ನೋಡಬಹುದು. ದೊಡ್ಡ ಬಿಳಿ ಮೋಡದ ಕಡೆ ಆಮೇಲೆ ನೋಡಿದರಾಯಿತು. ಅದರ ಅಂಚಿನಲ್ಲಿ, ಸಮುದ್ರಕ್ಕೆ ಹತ್ತಿರದಲ್ಲಿ, ದಾರದ ಎಳೆಯಂತೆ ಸಾಲುಗಟ್ಟಿ ಸಾಗುವ ಪುಟ್ಟ ಮೋಡಗಳಿವೆಯಲ್ಲ, ಅವುಗಳ ಮೇಲೆ ಕಣ್ಣಿಡಬೇಕು. ಜಪಾನಿನ ಹಿಮಾವರಿ-9 ಹತ್ತು ನಿಮಿಷಕ್ಕೊಂದು ಚಿತ್ರ ಕೊಡುತ್ತದೆ, ಭಾರತದ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಂದು, ಅಮೆರಿಕದ ಗೋಸ್ ಉಪಗ್ರಹಗಳು ಬೇಕೆಂದಾಗ ಒಂದು ಸಣ್ಣ ಜಾಗವನ್ನು ನಿಮಿಷಕ್ಕೊಮ್ಮೆ ತೆಗೆಯುತ್ತವೆ. ಇವನ್ನು ಒಂದರ ಹಿಂದೆ ಒಂದು ಓಡಿಸಿದರೆ ಆ ಎಳೆಗಳು ಯಾವ ಕಡೆ ಸರಿಯುತ್ತಿವೆ ಎಂಬುದು ಕಾಣುತ್ತದೆ.

ಉತ್ತರಾರ್ಧ ಗೋಳದಲ್ಲಿ ಸುಳಿ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಆ ಭಾಗದ ಉಷ್ಣವಲಯದ ಸಮುದ್ರಗಳಲ್ಲಿ ಬಹುಪಾಲು ಗಾಳಿ ಪೂರ್ವದಿಂದಲೇ ಬೀಸುವುದು, ಹಾಗಾಗಿ ಸುಳಿಯ ಉತ್ತರ ಬದಿಯಲ್ಲಿ ಪೂರ್ವದ ಗಾಳಿ ಕಂಡರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ದಕ್ಷಿಣ ಬದಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ತಗ್ಗಿನ ಮೋಡ ಕಂಡಿತಾ? ಆಗ ಸುತ್ತು ಪೂರ್ತಿಯಾಗಿದೆ ಎಂದು ಹೇಳಬಹುದು. ಹವ್ಯಾಸಿಗಳು ಗಂಟೆಗಟ್ಟಲೆ ಹುಡುಕುವುದು ಈ ಒಂದು ಪಶ್ಚಿಮದ ಗಾಳಿಯನ್ನೇ. (ಮುಂಗಾರಿನ ಕಾಲದಲ್ಲಿ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳಲ್ಲಿ ಪಶ್ಚಿಮದ ಗಾಳಿಯೇ ಮಾಮೂಲು, ಅಲ್ಲಿ ಉತ್ತರ ಬದಿಯ ಪೂರ್ವದ ಗಾಳಿಯನ್ನು ಹುಡುಕಬೇಕು. ಅಂದರೆ ಆ ಜಾಗದಲ್ಲಿ ಮಾಮೂಲು ಏನು ಅಂತ ಗೊತ್ತಿಲ್ಲದೆ ವಿಶೇಷ ಏನು ಅಂತ ಗೊತ್ತಾಗುವುದಿಲ್ಲ.)

ಕೆಲವೊಮ್ಮೆ ಕಾಣುವ ದೃಶ್ಯ ಹೊಸಬರಿಗೆ ಆಶ್ಚರ್ಯ ತರುತ್ತದೆ. ರಾತ್ರಿಯೆಲ್ಲ ಕೆಂಪಗೆ ಉರಿಯುತ್ತಿದ್ದ ಮೋಡದ ನಡುವೆ ಕೇಂದ್ರ ಇರುವುದೇ ಇಲ್ಲ. ಅದು ಆ ಮೋಡದಿಂದ ನೂರು ಕಿಲೋಮೀಟರ್ ಆಚೆ, ಮೋಡವೇ ಇಲ್ಲದ ಬಟಾಬಯಲಲ್ಲಿ, ಬರೀ ತಗ್ಗಿನ ಎಳೆಗಳ ಸುಳಿಯಾಗಿ ತಿರುಗುತ್ತಿರುತ್ತದೆ. ಶಿಯರ್ ಮೋಡವನ್ನೆಲ್ಲ ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗಿದೆ ಎಂದು ಅರ್ಥ. ಅಂಥ ಸುಳಿಗೆ ಆ ಹೊತ್ತಿನಲ್ಲಿ ಬಲ ಬರುವುದು ಕಷ್ಟ.

ಮೇಲೆ ದಟ್ಟ ಮೋಡ ಕವಿದು ಕೆಳಗಿನದ್ದು ಏನೂ ಕಾಣದಿದ್ದಾಗ ಮೈಕ್ರೋವೇವ್ ಚಿತ್ರ ಸಹಾಯಕ್ಕೆ ಬರುತ್ತದೆ. ಜಪಾನಿನ ಎಎಂಎಸ್‌ಆರ್-2, ಅಮೆರಿಕ ಮತ್ತು ಜಪಾನ್ ಸೇರಿ ಹಾರಿಸಿದ ಜಿಪಿಎಂ ಉಪಗ್ರಹದ ಉಪಕರಣ, ಇಂಥವು ಮೇಲಿನ ಮೋಡದ ಮೂಲಕವೇ ಒಳಗಿನ ಮಳೆಪಟ್ಟಿಗಳನ್ನು ನೋಡುತ್ತವೆ. ತೊಂದರೆ ಏನೆಂದರೆ ಈ ಉಪಗ್ರಹಗಳು ಒಂದೇ ಕಡೆ ನಿಂತು ನೋಡುವುದಿಲ್ಲ, ಭೂಮಿ ಸುತ್ತುತ್ತಾ ದಿನಕ್ಕೆ ಕೆಲವೇ ಸಲ ಆ ಜಾಗದ ಮೇಲೆ ಹಾದುಹೋಗುತ್ತವೆ. ಸ್ಕ್ಯಾಟರೋಮೀಟರ್ ಕಥೆಯೂ ಇದೇ. ಅದು ರೇಡಾರ್ ಅಲೆ ಕಳಿಸಿ ಸಮುದ್ರದ ಮೇಲ್ಮೈ ಎಷ್ಟು ಒರಟಾಗಿದೆ ಎಂದು ಅಳೆದು, ಅದರಿಂದ ಗಾಳಿಯ ವೇಗ, ದಿಕ್ಕು ಎರಡನ್ನೂ ಲೆಕ್ಕ ಹಾಕುತ್ತದೆ. ಕೇಂದ್ರ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಆದರೆ ಯುರೋಪಿನ ಆಸ್ಕ್ಯಾಟ್ ಉಪಕರಣ ಎರಡು ಪಟ್ಟಿಗಳಲ್ಲಿ ನೋಡುತ್ತದೆ, ನಡುವೆ ದೊಡ್ಡ ಖಾಲಿ ಜಾಗ ಇದೆ, ಬೇಕಾದ ಸುಳಿ ಸರಿಯಾಗಿ ಆ ಖಾಲಿ ಜಾಗದಲ್ಲೇ ಬಿದ್ದರೆ ಮುಂದಿನ ಸುತ್ತಿನವರೆಗೆ ಕಾಯಲೇಬೇಕು.

ಬಲ ಎಷ್ಟು ಎಂದು ಚಿತ್ರ ನೋಡಿಯೇ ಅಳೆಯುವ ಒಂದು ವಿಧಾನ ಇದೆ. ವರ್ನನ್ ಡ್ವೊರಾಕ್ ಎಂಬ ಅಮೆರಿಕದ ಹವಾಮಾನ ತಜ್ಞ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಮೋಡದ ಪಟ್ಟಿ ಕೇಂದ್ರದ ಸುತ್ತ ಎಷ್ಟು ಸುತ್ತಿಕೊಂಡಿದೆ, ನಡುವೆ ಮೋಡವಿಲ್ಲದ ತೆರಪು, ಅಂದರೆ ಕಣ್ಣು, ಇದ್ದರೆ ಅದು ಎಷ್ಟು ಬೆಚ್ಚಗೆ, ಸುತ್ತಲಿನ ಮೋಡ ಎಷ್ಟು ತಣ್ಣಗೆ ಕಾಣುತ್ತದೆ ಎಂದು ನೋಡಿ ಒಂದು ಟಿ ನಂಬರ್ ಕೊಡುತ್ತಾರೆ. 2.5 ಅಂದರೆ ಸುಮಾರು 35 ನಾಟ್, 4 ಅಂದರೆ 65, 8 ಅಂದರೆ 170. ವಿಮಾನ ಹೋಗದ ಸಮುದ್ರಗಳಲ್ಲಿ ಇವತ್ತಿಗೂ ಮುಖ್ಯ ಆಧಾರ ಇದೇ. ಈ ಲೆಕ್ಕಕ್ಕೂ ಮೊದಲು ಬೇಕಾದ್ದು ಕೇಂದ್ರ ಎಲ್ಲಿದೆ ಎಂಬ ಉತ್ತರ. ಅದನ್ನು ತಪ್ಪು ಜಾಗದಲ್ಲಿ ಇಟ್ಟರೆ ನಂಬರೂ ತಪ್ಪುತ್ತದೆ.

ಮಾಡೆಲ್‌ಗಳು ದಿನಕ್ಕೊಂದು ಮಾತು ಯಾಕೆ ಆಡುತ್ತವೆ

ಈಗ ಆ ಹತ್ತು ದಿನ ಆಚೆಯ ನಕ್ಷೆಗೆ ಬರೋಣ. ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತದೆ, ಪ್ರತಿ ಸಲವೂ 16 ದಿನ ಮುಂದಿನವರೆಗೆ ನಕ್ಷೆ ಕೊಡುತ್ತದೆ. ಓಡಲು ಅದಕ್ಕೆ ಒಂದು ಆರಂಭ ಬೇಕು. ಈ ಗಳಿಗೆಯಲ್ಲಿ ಭೂಮಿಯ ಮೇಲೆ ಎಲ್ಲೆಲ್ಲಿ ಗಾಳಿ, ಒತ್ತಡ, ತೇವ ಎಷ್ಟಿದೆ ಎನ್ನುವ ಚಿತ್ರ ಅದು. ಕೇಂದ್ರ ಕೂತಿದ್ದರೆ ಆ ಚಿತ್ರದಲ್ಲಿ ಅದಕ್ಕೊಂದು ಜಾಗ ಇರುತ್ತದೆ. ಕೂತಿಲ್ಲದಿದ್ದರೆ? ಮಾಡೆಲ್ ತನ್ನದೇ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಕೇಂದ್ರ ಹುಟ್ಟಿಸುತ್ತದೆ. ಆರು ಗಂಟೆಯ ನಂತರದ ರನ್ ಇನ್ನೊಂದು ಕಡೆ ಹುಟ್ಟಿಸುತ್ತದೆ. ಇನ್ನೂರು ಕಿಲೋಮೀಟರ್ ಉತ್ತರಕ್ಕೆ ಹುಟ್ಟಿದರೆ ಅದನ್ನು ಒಯ್ಯುವ ಗಾಳಿಯೇ ಬೇರೆ, ಹಾಗಾಗಿ ವಾರದ ನಂತರ ಎರಡು ರನ್‌ಗಳ ನಡುವೆ ಸಾವಿರ ಕಿಲೋಮೀಟರ್ ಅಂತರ ಬಂದರೂ ಅಚ್ಚರಿಯಿಲ್ಲ. ಬೆಳಗ್ಗೆ ಒಂದು ಕರಾವಳಿ, ಸಂಜೆ ಇನ್ನೊಂದು ಕರಾವಳಿ ಅಂತ ಫೋನಿಗೆ ಬರುವ ನಕ್ಷೆಗಳು ಜಿಗಿಯುವುದು ಇದಕ್ಕೇ. ಹತ್ತು ದಿನ ಆಚೆ ಜಿಎಫ್‌ಎಸ್ ಹುಟ್ಟಿಸಿದ ಎಷ್ಟೋ ಚಂಡಮಾರುತಗಳು ನಿಜದಲ್ಲಿ ಹುಟ್ಟುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಬಲ ಕಡಿಮೆ ಇರುವ ಸುಳಿ ಗಿಡ್ಡವಾಗಿರುತ್ತದೆ, ಅದನ್ನು ತಗ್ಗಿನ ಗಾಳಿ ಒಯ್ಯುತ್ತದೆ. ಬಲ ಬಂದ ಸುಳಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ನಿಂತಿರುತ್ತದೆ, ಅದನ್ನು ಆ ಎಲ್ಲ ಎತ್ತರಗಳ ಗಾಳಿಯೂ ಸೇರಿ ಒಯ್ಯುತ್ತದೆ. ಅಂದರೆ ಎಷ್ಟು ಬೆಳೆಯುತ್ತದೆ ಎಂಬುದು ತಪ್ಪಿದರೆ ಎಲ್ಲಿಗೆ ಹೋಗುತ್ತದೆ ಎಂಬುದೂ ತಪ್ಪುತ್ತದೆ.

ಇದಕ್ಕೆ ಪರಿಹಾರವಾಗಿ ಒಂದೇ ಮಾಡೆಲನ್ನು ಆರಂಭದ ಚಿತ್ರ ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಸಲ ಓಡಿಸುತ್ತಾರೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರ ಹೀಗೆ ಒಟ್ಟು 51 ಸಲ ಓಡಿಸುತ್ತದೆ. ಬರುವ ಗೆರೆಗಳೆಲ್ಲ ಒಂದೇ ಕಡೆ ಒತ್ತಾಗಿ ಹೋದರೆ ನಂಬಿಕೆ ಜಾಸ್ತಿ, ಬೀಸಣಿಗೆಯಂತೆ ಹರಡಿದರೆ ಕಡಿಮೆ. ಆದ್ದರಿಂದ ಯಾರಾದರೂ ಒಂದೇ ಗೆರೆಯ ನಕ್ಷೆ ಕಳಿಸಿದರೆ "ಉಳಿದ 50 ಗೆರೆ ಎಲ್ಲಿ?" ಎಂದು ಕೇಳಿ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಎಡಕ್ಕೆ ತಿರುಗಿ ಅಮೆರಿಕದ ಕರಾವಳಿಗೆ ಬಡಿಯುತ್ತದೆ ಎಂದು ಯುರೋಪಿನ ಮಾಡೆಲ್ ಸುಮಾರು ಒಂದು ವಾರ ಮೊದಲೇ ತೋರಿಸಿತ್ತು, ಆ ಹೊತ್ತಿಗೆ ಜಿಎಫ್‌ಎಸ್ ಅದನ್ನು ನಡುಸಮುದ್ರಕ್ಕೆ ಕಳಿಸುತ್ತಿತ್ತು. ಅಕ್ಟೋಬರ್ 29ರಂದು ಅದು ನ್ಯೂಜೆರ್ಸಿಗೆ ಬಡಿಯಿತು. ಅಂದಿನಿಂದ ಯುರೋಪಿನ ಮಾಡೆಲ್ ಹೇಳಿದ್ದೇ ವೇದವಾಕ್ಯ ಅನ್ನುವವರಿದ್ದಾರೆ. ಅದೂ ಸರಿಯಲ್ಲ, ಅದು ತಪ್ಪಿದ ಸಲಗಳೂ ಬೇಕಾದಷ್ಟಿವೆ.

ಎಲ್ಲ ಮಾಡೆಲ್‌ಗಳೂ ಒಟ್ಟಿಗೇ ತಪ್ಪಬಹುದು ಅನ್ನುವುದಕ್ಕೆ 2023ರ ಓಟಿಸ್ ಸಾಕ್ಷಿ. ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಹತ್ತಿರ ಅದು ಸಾಧಾರಣ ಬಿರುಗಾಳಿಯಾಗಿಯೇ ಉಳಿಯುತ್ತದೆ ಅಂತ ಎಲ್ಲರೂ ನಂಬಿದ್ದರು. ಅಕ್ಟೋಬರ್ 24ರಂದು ವಿಮಾನ ಒಳಗೆ ಹೋಗಿ ನೋಡಿದಾಗ ಅಂದಾಜಿಗಿಂತ ಎಷ್ಟೋ ಜೋರಾಗಿತ್ತು. 25ರ ನಸುಕಿನಲ್ಲಿ ಅದು ಅತಿ ತೀವ್ರವಾದ ಐದನೇ ದರ್ಜೆಯ ಚಂಡಮಾರುತವಾಗಿ ಅಕಾಪುಲ್ಕೊ ನಗರದ ಮೇಲೆ ಬಿತ್ತು. ಒಂದು ದಿನದಲ್ಲಿ ಗಾಳಿಯ ವೇಗ ಗಂಟೆಗೆ 55 ಕಿಲೋಮೀಟರ್ ಏರಿದರೇ ಅದನ್ನು ಕ್ಷಿಪ್ರ ಏರಿಕೆ ಎನ್ನುತ್ತಾರೆ, ಓಟಿಸ್ ಅದರ ಮೂರು ಪಟ್ಟಿನ ಹತ್ತಿರ ಏರಿತು. ಜನಕ್ಕೆ ತಯಾರಾಗಲು ಒಂದು ದಿನವೂ ಸಿಗಲಿಲ್ಲ.

ಆ ವಿಮಾನಗಳ ಬಗ್ಗೆ ಒಂದು ಮಾತು. ಅಮೆರಿಕದ ವಾಯುಪಡೆಯ 53ನೇ ಹವಾಮಾನ ಸರ್ವೇಕ್ಷಣಾ ದಳ ಚಂಡಮಾರುತದ ಒಳಗೆ ಸುಮಾರು ಮೂರು ಕಿಲೋಮೀಟರ್ ಎತ್ತರದಲ್ಲಿ ಹಾದು, ಡ್ರಾಪ್‌ಸಾಂಡ್ ಎಂಬ ಕೊಳವೆಯಂಥ ಉಪಕರಣ ಕೆಳಗೆ ಬಿಡುತ್ತದೆ. ಅದು ಬೀಳುತ್ತಾ ಬೀಳುತ್ತಾ ಒತ್ತಡ, ತಾಪ, ತೇವ, ಗಾಳಿ ಎಲ್ಲವನ್ನೂ ಕಳಿಸುತ್ತದೆ. ಅಳತೆಗಳು ಸ್ವಲ್ಪ ಹೊತ್ತಿನಲ್ಲೇ ಎಲ್ಲರಿಗೂ ಸಿಗುವುದರಿಂದ ಹವ್ಯಾಸಿಗಳು ಮಧ್ಯರಾತ್ರಿ ಎದ್ದು ಕೂತು ಒಂದೊಂದೇ ಸಾಲು ಓದುತ್ತಾರೆ. ಆದರೆ ಈ ಭಾಗ್ಯ ಹೆಚ್ಚಾಗಿ ಅಟ್ಲಾಂಟಿಕ್‌ಗೆ ಮಾತ್ರ. ಪಶ್ಚಿಮ ಪೆಸಿಫಿಕ್‌ನಲ್ಲಿ ಅಮೆರಿಕದ ನಿಯಮಿತ ಹಾರಾಟ 1987ರಲ್ಲೇ ನಿಂತುಹೋಯಿತು.

ಕೇಂದ್ರ ಕೂತ ಮೇಲೆ ಅಧಿಕೃತ ನಕ್ಷೆ ಬರುತ್ತದೆ, ಮುಂದಕ್ಕೆ ಹೋದಂತೆ ಅಗಲವಾಗುವ ಶಂಕುವಿನ ಆಕಾರದಲ್ಲಿ. ಅಮೆರಿಕದ ಹರಿಕೇನ್ ಕೇಂದ್ರ ಇದರ ಅಗಲವನ್ನು ನಿರ್ಧರಿಸುವುದು ಹಿಂದಿನ ಐದು ವರ್ಷಗಳಲ್ಲಿ ತಾನೇ ಎಷ್ಟು ತಪ್ಪಿದೆ ಎಂಬ ಲೆಕ್ಕದಿಂದ. ಚಂಡಮಾರುತದ ಕೇಂದ್ರ ಆ ಶಂಕುವಿನೊಳಗೆ ಉಳಿಯುವುದು ಮೂರರಲ್ಲಿ ಸುಮಾರು ಎರಡು ಸಲ. ಇನ್ನೊಂದು ಸಲ ಹೊರಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ್ದು, ಶಂಕು ತೋರಿಸುವುದು ಕೇಂದ್ರದ ದಾರಿಯನ್ನು ಮಾತ್ರ. ಗಾಳಿ, ಮಳೆ, ಉಕ್ಕಿ ಬರುವ ಸಮುದ್ರ ಅದರ ಹೊರಗೂ ನೂರಾರು ಕಿಲೋಮೀಟರ್ ಇರಬಹುದು. "ನಾವು ಶಂಕುವಿನ ಹೊರಗಿದ್ದೇವೆ, ಬಚಾವ್" ಅನ್ನುವುದು ಅಪಾಯದ ಮಾತು.

ಒಂದೇ ಚಂಡಮಾರುತಕ್ಕೆ ಎರಡು ಸಂಸ್ಥೆ ಎರಡು ವೇಗ ಹೇಳಿದರೆ ಗಾಬರಿ ಬೇಡ. ಅಮೆರಿಕದವರು ಒಂದು ನಿಮಿಷದ ಸರಾಸರಿ ಹೇಳುತ್ತಾರೆ, ಭಾರತದವರು ಮೂರು ನಿಮಿಷದ್ದು, ಜಪಾನಿನವರು ಹತ್ತು ನಿಮಿಷದ್ದು. ಸರಾಸರಿಯ ಅವಧಿ ಉದ್ದವಾದಷ್ಟೂ ಅಂಕಿ ಸಣ್ಣದಾಗುತ್ತದೆ.

ಮನೆಯ ಬ್ಯಾರೋಮೀಟರ್

ಉಪಗ್ರಹ ಬರುವ ಎಷ್ಟೋ ಮೊದಲು ಈ ಕೆಲಸ ಮಾಡಿದವರಿದ್ದರು. ಕ್ಯೂಬಾದ ಹವಾನಾದಲ್ಲಿ ಬೆನಿಟೋ ವಿನ್ಯೆಸ್ ಎಂಬ ಜೆಸುಯಿಟ್ ಪಾದ್ರಿ ಬೆಲೆನ್ ವೀಕ್ಷಣಾಲಯದಲ್ಲಿ ಕೂತು, ಎತ್ತರದಲ್ಲಿ ಗರಿಯಂತೆ ಹರಡುವ ಸಿರಸ್ ಮೋಡಗಳು ಯಾವ ದಿಕ್ಕಿನಿಂದ ಚಾಚಿಕೊಂಡಿವೆ ಎಂದು ನೋಡಿ ಕೇಂದ್ರ ಯಾವ ಕಡೆಗಿದೆ ಎಂದು ಹೇಳುತ್ತಿದ್ದರು. 1875ರ ಸೆಪ್ಟೆಂಬರ್‌ನಲ್ಲಿ ಅವರು ಮುಂಚಿತವಾಗಿ ಎಚ್ಚರಿಕೆ ಕೊಟ್ಟರು. ಅವರ ನಂತರವೂ ಕ್ಯೂಬಾದಲ್ಲಿ ಈ ಪರಂಪರೆ ಉಳಿಯಿತು. 1900ರಲ್ಲಿ ಒಂದು ಚಂಡಮಾರುತ ಮೆಕ್ಸಿಕೋ ಕೊಲ್ಲಿಯೊಳಕ್ಕೆ ಹೋಗುತ್ತದೆ ಎಂದು ಅಲ್ಲಿನವರು ಅಂದಾಜು ಮಾಡಿದ್ದರು, ಆದರೆ ಆ ಹೊತ್ತಿಗೆ ಕ್ಯೂಬಾದ ಹವಾಮಾನ ತಂತಿಗಳಿಗೆ ಅಮೆರಿಕದ ಅಧಿಕಾರಿಗಳು ತಡೆ ಹಾಕಿದ್ದರು, ತಮ್ಮದೇ ಅಂದಾಜಿನಂತೆ ಅದು ಉತ್ತರಕ್ಕೆ ತಿರುಗುತ್ತದೆ ಎಂದು ನಂಬಿದ್ದರು. ಸೆಪ್ಟೆಂಬರ್ 8ರಂದು ಅದು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಊರನ್ನು ನುಂಗಿತು. ಸತ್ತವರು 6,000ದಿಂದ 12,000 ಎಂಬ ಅಂದಾಜಿದೆ. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇವತ್ತು ಮನೆಯಲ್ಲೇ ಒಂದು ಒತ್ತಡಮಾಪಕ ಇಟ್ಟುಕೊಳ್ಳುವುದು ಸುಲಭ, ಹಲವು ಫೋನುಗಳಲ್ಲೂ ಅದು ಇದೆ. ಆದರೆ ಉಷ್ಣವಲಯದಲ್ಲಿ ಇರುವವರು ಒಂದು ವಿಷಯ ತಿಳಿದಿರಬೇಕು. ಯಾವ ಚಂಡಮಾರುತವೂ ಇಲ್ಲದ ದಿನ ಕೂಡ ಒತ್ತಡ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ ಸುಮಾರು ಹತ್ತು ಗಂಟೆಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ಸುಮಾರು ನಾಲ್ಕಕ್ಕೆ ಕಡಿಮೆ. ಈ ಏರಿಳಿತವೇ ಮೂರು ಹೆಕ್ಟೋಪಾಸ್ಕಲ್ ಹತ್ತಿರ ಇರುತ್ತದೆ. ಬೆಳಗ್ಗೆ ಹತ್ತಕ್ಕೆ 1010 ಇದ್ದದ್ದು ಸಂಜೆ ನಾಲ್ಕಕ್ಕೆ 1007 ಆಗಿದ್ದರೆ ಅದು ಮಾಮೂಲು. ಇವತ್ತಿನ ನಾಲ್ಕು ಗಂಟೆಯನ್ನು ನಿನ್ನೆಯ ನಾಲ್ಕು ಗಂಟೆಯ ಜೊತೆ ಹೋಲಿಸಬೇಕು. ಹಡಗಿನವರ ಹಳೆಯ ಲೆಕ್ಕದ ಪ್ರಕಾರ, ಆ ಹೊತ್ತಿಗೆ ಇರಬೇಕಾದ್ದಕ್ಕಿಂತ ಮೂರು ಹೆಕ್ಟೋಪಾಸ್ಕಲ್ ಕಡಿಮೆ ಇದ್ದರೆ ಅನುಮಾನ ಪಡಿ, ಐದು ಕಡಿಮೆ ಇದ್ದರೆ ಹತ್ತಿರದಲ್ಲಿ ಚಂಡಮಾರುತ ಇದೆ ಎಂದೇ ತಿಳಿಯಿರಿ. ನಿಮ್ಮ ಉಪಕರಣ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ ತೋರಿಸುತ್ತಿದೆಯೇ ಎಂದು ಹತ್ತಿರದ ವಿಮಾನ ನಿಲ್ದಾಣದ ವರದಿಯ ಜೊತೆ ಹೋಲಿಸಿ ನೋಡಿ, ಅದೂ ಶಾಂತವಾದ ದಿನದಲ್ಲೇ.

ಗಾಳಿಗೆ ಬೆನ್ನು ಹಾಕಿ ನಿಂತರೆ ಉತ್ತರಾರ್ಧ ಗೋಳದಲ್ಲಿ ಕಡಿಮೆ ಒತ್ತಡ ನಿಮ್ಮ ಎಡಗಡೆ ಇರುತ್ತದೆ, ದಕ್ಷಿಣಾರ್ಧದಲ್ಲಿ ಬಲಗಡೆ. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮ ಇದು. ಮರ, ಕಟ್ಟಡಗಳ ನಡುವೆ ಗಾಳಿ ದಿಕ್ಕು ತಪ್ಪಿಸುತ್ತದೆ, ಬಯಲಲ್ಲಿ ಅಥವಾ ತಗ್ಗಿನ ಮೋಡಗಳ ಓಟ ನೋಡಿ ಹೇಳುವುದು ಮೇಲು.

ಇಷ್ಟೆಲ್ಲ ಗೊತ್ತಿದ್ದೂ ಒಳ್ಳೆಯ ಹವ್ಯಾಸಿಗಳು ಒಂದು ಗೆರೆ ದಾಟುವುದಿಲ್ಲ. ತಾವು ಕಂಡದ್ದನ್ನು ಹೊತ್ತು, ಜಾಗ ಸಮೇತ ಹೇಳುತ್ತಾರೆ. "ಇಂಥ ಊರಿಗೆ ಇಂಥ ದಿನ ಬಡಿಯುತ್ತದೆ, ಊರು ಬಿಡಿ" ಎಂದು ತಾವೇ ಹೇಳಲು ಹೋಗುವುದಿಲ್ಲ, ಅದನ್ನು ಆಯಾ ದೇಶದ ಹವಾಮಾನ ಇಲಾಖೆಗೆ ಬಿಡುತ್ತಾರೆ. ಎರಡು ಸಲ ಸುಳ್ಳು ಗಾಬರಿಯಾದವರು ಮೂರನೇ ಸಲ ನಿಜವಾದ ಎಚ್ಚರಿಕೆ ಬಂದಾಗ ಮನೆಯಲ್ಲೇ ಉಳಿದರೆ ಜೀವ ಹೋಗುತ್ತದೆ. ಹಳೆಯ ಅಧಿಕೃತ ನಕ್ಷೆಯನ್ನು ತಾರೀಖು ನೋಡದೆ ಹಂಚುವುದೂ ಅಷ್ಟೇ ಕೆಟ್ಟದ್ದು.

ಚಂಡಮಾರುತ ದಡ ಸೇರುವ ಹೊತ್ತಿಗೆ ಹವ್ಯಾಸಿಯ ಅಳತೆಗೆ ನಿಜವಾದ ಬೆಲೆ ಬರುತ್ತದೆ. ಹೊರಗೆ ಹೋಗಬೇಕಾಗಿಲ್ಲ, ಹೋಗಲೂ ಬಾರದು. ಗಟ್ಟಿಯಾದ ಮನೆಯೊಳಗೆ ಕೂತು ಒತ್ತಡ ಅತಿ ಕಡಿಮೆಯಾದದ್ದು ಎಷ್ಟು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಬರೆದಿಟ್ಟರೆ ಸಾಕು. ಕೇಂದ್ರ ನಿಮಗೆ ಅತಿ ಹತ್ತಿರ ಬಂದ ಗಳಿಗೆ ಹೆಚ್ಚುಕಡಿಮೆ ಅದೇ. ಗಾಳಿಯ ದಿಕ್ಕು ಆ ಹೊತ್ತಿನಲ್ಲಿ ಹೇಗೆ ಬದಲಾಯಿತು ಎನ್ನುವುದನ್ನೂ ಬರೆಯಿರಿ. ಪೂರ್ವದಿಂದ ದಕ್ಷಿಣಕ್ಕೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗಿದರೆ ನೀವು ಚಂಡಮಾರುತದ ದಾರಿಯ ಬಲಕ್ಕಿದ್ದಿರಿ, ಕೇಂದ್ರ ನಿಮ್ಮ ಎಡಕ್ಕೆ ಹಾದುಹೋಯಿತು. ವಿರುದ್ಧವಾಗಿ ತಿರುಗಿದರೆ ನೀವು ಎಡಕ್ಕಿದ್ದಿರಿ. ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿ ಈ ಎಡ ಬಲ ಲೆಕ್ಕ ಹಾಕಬೇಕು. ಇಂಥ ನಾಲ್ಕೈದು ಮನೆಗಳ ಅಳತೆ ಸೇರಿದರೆ ಕೇಂದ್ರ ನೆಲದ ಮೇಲೆ ನಿಜವಾಗಿ ಹಾದ ದಾರಿಯನ್ನು ನಕ್ಷೆಯಲ್ಲಿ ಎಳೆಯಬಹುದು. ಸೀಸನ್ ಮುಗಿದ ಮೇಲೆ ತಜ್ಞರು ಕೂತು ಪ್ರತಿ ಚಂಡಮಾರುತದ ಅಂತಿಮ ವರದಿ ಬರೆಯುತ್ತಾರೆ. ಅಮೆರಿಕದ ವರದಿಗಳ ಕೊನೆಯ ಕೋಷ್ಟಕಗಳಲ್ಲಿ ವಿಮಾನ ನಿಲ್ದಾಣಗಳ, ಬಂದರುಗಳ ಅಂಕಿಗಳ ಜೊತೆಯಲ್ಲೇ ಮನೆಯ ಉಪಕರಣಗಳ ಒತ್ತಡವೂ, 1998ರಲ್ಲಿ ಕೊಲೊರಾಡೊದಲ್ಲಿ ಶುರುವಾದ ಕೋಕೋರಾಸ್ ಜಾಲದ ಸ್ವಯಂಸೇವಕರು ಹಿತ್ತಲಲ್ಲಿ ಅಳೆದ ಮಳೆಯೂ ಅಚ್ಚಾಗಿರುತ್ತವೆ.